ಏಳನೆಯ ಪಟ

ಪ್ಯಾರಿಸ್ಸಿನ ಶಾತೋ ದೋ ಮೆಟ್ರೋ ಮೆಟ್ಟಿಲ ಬಾಯಲ್ಲಿ
ಹತ್ತೊಂಬತ್ತು ವರ್ಷದಿಂದ ಜಡೆ ಹೆಣೆಯುತ್ತೇನೆ.
ತಲೆಗೆ ಇಷ್ಟು ಎಂದು ದರ. ಚೌಕಾಸಿ ಉಂಟು.
ಹೋದ ತಿಂಗಳು ಯಾರೋ ಫೋನು ಮಾಡಿ
ದಿನಕ್ಕೆ ಇಷ್ಟು ಅಂದರು.
ಚೌಕಾಸಿ ಮಾಡುವುದೇ ಮರೆತೆ.

ರ‍್ಯಾಂಪಿನ ಹಿಂದೆ ಬಲ್ಬುಗಳ ಸಾಲು, ಸ್ಪ್ರೇ ಮಂಜು,
ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚಿದ ಪಟಗಳು:
ಒಂದು ಹಡಗಿನ ಹಾಯಿ, ಒಂದು ಹುಂಜದ ಜುಟ್ಟು, ಯಾವುದೋ ಸೇತುವೆ,
ಏಳನೆಯದರಲ್ಲಿ ಒಬ್ಬ ಹೆಂಗಸು.
ಹಳೇ ಪೋಸ್ಟ್‌ಕಾರ್ಡು. ಊರಿನ ಹೆಸರೂ ಇಲ್ಲ.
"ಇದರ ಎತ್ತರ ಬೇಕು," ಅಂದ ಹಿರಿಯ ಸ್ಟೈಲಿಸ್ಟ್,
"ಮೂರು ದಿನದಿಂದ ಒದ್ದಾಡುತ್ತಿದ್ದೇವೆ, ನಿಲ್ಲುತ್ತಿಲ್ಲ."

ನಿಲ್ಲುವುದಿಲ್ಲ ಮಾರಾಯ,
ಅದು ಅಂಟಿಗೆ ನಿಲ್ಲುವ ಜಾತಿಯಲ್ಲ.
ಒಳಗೊಂದು ಬಿದಿರ ಸೀಳು, ಬೆರಳಗಲ,
ಹಣೆಯಿಂದ ಬಾಗಿ ನೆತ್ತಿ ದಾಟಿ ಹಿಂದಕ್ಕಿಳಿಯಬೇಕು.
ದಲಾಬಾದ ಬೆಟ್ಟದಲ್ಲಿ ನನ್ನಜ್ಜಿ ಕುಂಬಾ
ಹಂಡೆಯ ನೀರಲ್ಲಿ ಮುಖ ನೋಡಿಕೊಂಡು
ಅದನ್ನು ಒಬ್ಬಳೇ ಕಟ್ಟಿಕೊಳ್ಳುತ್ತಿದ್ದಳು.

ಪಟದವಳ ಬೈತಲೆ ನೋಡಿದೆ. ಎಡಕ್ಕೆ ಒಂದೆಳೆ ಹೆಚ್ಚು.
ನಮ್ಮ ಮನೆಯಲ್ಲಿ ಹಾಗೆ ಬಿಡುವುದು
ಮೊಲೆಯುಣ್ಣುವ ಕೂಸಿದ್ದಾಗ.
ಕೂಸು ಪಟದಲ್ಲಿಲ್ಲ.
ಕ್ಯಾಮೆರಾದವನು ಅತ್ತ ಇಡು ಅಂದಿರಬೇಕು.
ಇದನ್ನೆಲ್ಲ ಹೇಳಲಿಲ್ಲ. ಹಣಿಗೆ ಕೇಳಿದೆ.

ನನ್ನ ಕೈಗೆ ಜುಟ್ಟು ಕೊಟ್ಟವಳು ಉಗ್ನೆ,
ಲಿಥುವೇನಿಯಾದವಳು,
ನಾನು ಅಂಗಡಿಯಲ್ಲಿ ಕೂತ ವರ್ಷ ಹುಟ್ಟಿದವಳು.
ರೇಷ್ಮೆಯಂಥ ಕೂದಲು. ಹೊಗಳಿಕೆಯಲ್ಲ, ದೂರು.
ಹಿಡಿದರೆ ಜಾರುತ್ತದೆ, ಗಂಟೆಂದರೆ ನಾಚಿಕೆ.
ಶಿಯಾ ಬೆಣ್ಣೆ ತಿಕ್ಕಿದೆ, ಕರಿಯುಣ್ಣೆ ಸೇರಿಸಿದೆ, ಬೈದೆ.

ಎರಡನೇ ಗಂಟೆಗೆ ಅವಳು ಫೋನು ಕೆಳಗಿಟ್ಟಳು.
ಮೂರನೇ ಗಂಟೆಗೆ ಹೇಳಿದಳು:
ಮದುವೆಯ ರಾತ್ರಿ ಕತ್ತರಿಸಿದ ಅವಳಜ್ಜಿಯ ಜಡೆ
ಇನ್ನೂ ಇದೆಯಂತೆ, ಹಿಟ್ಟಿನ ಡಬ್ಬದಲ್ಲಿ, ಜೇನಿನ ಬಣ್ಣ.
ಮುಟ್ಟಿದರೆ ಬೈಯುತ್ತಾಳಂತೆ ಮುದುಕಿ.
ನಾಲ್ಕನೆಯದಕ್ಕೆ ನನ್ನ ಮೊಣಕಾಲಿಗೆ ಕೆನ್ನೆಯಿಟ್ಟು ನಿದ್ದೆ ಹೋದಳು.
ಕುಂಬಾಳ ತೊಡೆಯ ಮೇಲೆ
ನಾನೂ ಎಷ್ಟು ಜೊಲ್ಲು ಸುರಿಸಿದ್ದೇನೋ.

ಕೊನೆಗೆ ಮುಡಿ ಎಡಕ್ಕೆ ವಾಲಿತು. ತೂಕ ಸಾಲದು.
ಅವರು ಕೊಟ್ಟ ನಾಣ್ಯಗಳು ಪ್ಲಾಸ್ಟಿಕ್ಕು, ಬಂಗಾರ ಬಳಿದದ್ದು.
ಕತ್ತಿನ ದಾರ ಬಿಚ್ಚಿ ಅಜ್ಜಿಯ ಬೆಳ್ಳಿಯದನ್ನು
ಬಲಗಡೆಯ ಮಡಿಕೆಯೊಳಗೆ ಹೊಲಿದೆ, ಯಾರಿಗೂ ಕಾಣದಂತೆ.
ನೆಟ್ಟಗಾಯಿತು.

ಹದಿಮೂರು ನಿಮಿಷ. ಅಷ್ಟೇ ಇಡೀ ಶೋ.
ಪರದೆಯ ಸಂದಿಯಲ್ಲಿ ನನಗೆ ಸಿಕ್ಕಿದ್ದು
ಬೆಳಕಿನ ಮೇಲೆ ತೇಲಿಹೋದ ಒಂದು ನೆತ್ತಿ,
ಎತ್ತಿ ಹಿಡಿದ ಫೋನುಗಳು.
ಮಿಲಾನಿನ ವಿಮಾನಕ್ಕೆ ಹೊತ್ತಾಯಿತೆಂದು
ಅವಳನ್ನು ಹಾಗೇ ಕಾರಿಗೆ ತುಂಬಿದರು,
ಮುಡಿ ತಾಗದಂತೆ ಕತ್ತು ಓರೆ ಮಾಡಿಸಿ.

ಪತ್ರಿಕೆಯಲ್ಲಿ ಅದಕ್ಕೊಂದು ಹೆಸರು ಬಂತು, 'ಹಾಯಿಮುಡಿ'.
ಕಂಡುಹಿಡಿದವನ ಹೆಸರೂ ಇತ್ತು.
ಅಂಗಡಿಯಲ್ಲಿ ನಕ್ಕೆವು. ಸಲಿಮಾತು ನಗಲಿಲ್ಲ.
"ಕೇಸು ಹಾಕು," ಅಂದಳು.
ಯಾರ ಹೆಸರಲ್ಲಿ?
ಪಟದವಳ ಹೆಸರು ನನಗೂ ಗೊತ್ತಿಲ್ಲ.
ದಾರವಿಲ್ಲದ ಕತ್ತನ್ನು
ದಿನಕ್ಕೆ ಹತ್ತು ಸಲ ಮುಟ್ಟಿಕೊಳ್ಳುತ್ತಿದ್ದೆ.

ಗುರುವಾರ ಒಂದು ಸಂದೇಶ.
ಹೋಟೆಲಿನ ವಾಶ್‌ಬೇಸಿನ್ನಿನ ಅಂಚಿನಲ್ಲಿ ನಾಣ್ಯ,
ಅದಕ್ಕೆ ಸುತ್ತಿದ ಒಂದೇ ಒಂದು ಜೇನುಗೂದಲು.
"ಬಿಚ್ಚಲು ರಾತ್ರಿಯೆಲ್ಲ ಬೇಕಾಯಿತು. ಇದು ನಿಮ್ಮದೇ?"

ಹೌದು ಎಂದು ಬರೆದೆ. ಅಳಿಸಿದೆ.
ಇಟ್ಟುಕೋ ಎಂದು ಬರೆದೆ. ಅದನ್ನೂ ಅಳಿಸಿದೆ.
ಕುರ್ಚಿಯಲ್ಲಿ ಗಿರಾಕಿ, ಅರ್ಧ ತಲೆ ಹೆಣೆದು ಅರ್ಧ ಕೆದರಿ,
ಕನ್ನಡಿಯೊಳಗಿಂದ ನನ್ನನ್ನೇ ದುರುಗುಟ್ಟುತ್ತಿದ್ದಳು.

ಸದ್ಯಕ್ಕೆ ಹಿಟ್ಟಿನ ಡಬ್ಬದಲ್ಲಿಡು, ಎಂದು ಕಳಿಸಿದೆ.
ಬರುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು ಬಾ.