ನಾಕು ಜೀನಿನ ಕುದುರಿ

ಶನಿವಾರ ಸಂಜಿ, ಶಟರ್ ಅರ್ಧ ಎಳದಿದ್ದೆ.
ಮಂಗಲಪೇಟದ ಏಸ್ತೇರ ಬಗ್ಗಿ ಒಳಗ ಬಂದಳು,
ಬೆನ್ನಿಗೆ ತನ್ನಷ್ಟೇ ಉದ್ದನ ಕರಿ ಚೀಲ.
ಎರಡು ಸಲ ಏನೋ ಅಂದಳು. ಮೂರನೇ ಸಲಕ್ಕ
ನನ್ನ ಬಿಲ್ಲುಬುಕ್ಕಿನ ಹಿಂದ ಬರದಳು:
ಚಾಚಾ, ನೀವು ಹೊಲಿಗಿ ಮಷೀನಿನವರು, ಗೊತ್ತದ.
ಆದ್ರ ಇದಕ್ಕೂ ಸ್ಕ್ರೂ ಅವ.

ಅಷ್ಟು ಸಾಕು ನನಗ.
ಸ್ಕ್ರೂ ಇದ್ದದ್ದೆಲ್ಲ ನಮ್ಮ ಬಿರಾದರಿ.

ಬಾಸ್ ಗಿಟಾರ್ ಅಂತ. ಹೈದರಾಬಾದಿನ ಯಾವುದೋ ಬ್ಯಾಂಡು
ಒಡದು ಹೋದಾಗ ಚರ್ಚಿನವರು ಚಂದಾ ಎತ್ತಿ ತಂದದ್ದು.
ನಾಕೇ ತಂತಿ, ಒಂದೊಂದೂ ಬಾವಿ ಹಗ್ಗದ ತಮ್ಮ.
ತಂತಿ ಹೋಗಿ ಕೂಡೋ ಪಟ್ಟಿಗೆ ಬ್ರಿಜ್ ಅಂತಾರಂತ;
ಭಜನಿ ತಂಬೂರಿಗಾದ್ರ ನಾವು ಅದನ್ನ ಕುದುರಿ ಅಂತೀವಿ.
ಈ ಕುದುರಿ ಮ್ಯಾಲ ನಾಕು ಜೀನು,
ಜೀನಿಗೆರಡು ಕಾಲು, ಎಂಟು ಸ್ಕ್ರೂ,
ಜೋಳದ ನುಚ್ಚಿನಷ್ಟು.
ಅದರಾಗ ಯಾವುದೋ ಸಡಿಲಾಗಿ
ದಪ್ಪ ತಂತಿ ಮಿಡಿದಾಗೆಲ್ಲ ಗಿರ್ರ್ ಅಂತದಂತ,
ಪ್ರಾರ್ಥನಿ ನಡುವ ಡಬ್ಬಿಯೊಳಗ ನೊಣ ಸಿಕ್ಕಂಗ.
ಹಿಂದಿನ ಸಾಲಿನ ಹುಡುಗೂರು ನಗ್ತಾರಂತ.

ಯಾವುದು, ಅಂದೆ.
ಅಕಿ ಕಿವಿ ಕಡಿ ಬೆರಳು ಮಾಡಿ
ನಾಲಿಗಿ ಕಚ್ಚಿಕೊಂಡಳು.

ಸೋಲಾಪುರದ ಮಗ್ಗದ ಸಾಲು
ಇಪ್ಪತ್ತೆರಡು ವರ್ಷ ತಿಂದ ಕಿವಿ ನಂದು.
ಆಜಾನ್ ಸುದ್ದಾ ಈಗ ಮೊಮ್ಮಗ ಭುಜ ಮುಟ್ಟಿ ಹೇಳಬೇಕು.
ಖರೆ, ಮಷೀನಿನ ರೋಗ ಹಿಡಿಲಾಕ ಕಿವಿ ಯಾಕ?
ಉದ್ದನ ಸ್ಕ್ರೂಡ್ರೈವರಿನ ತುದಿ ಜೀನಿಗೆ ಹಚ್ಚಿ
ಹಿಡಿಕಿ ದವಡಿ ಎಲುವಿಗೆ ಒತ್ತಿದೆ.
ಬಾರಸು, ಅಂದೆ.

ಅರೆರೇ,
ಹಲ್ಲಿನ ಬೇರಿನ್ಯಾಗಿಂದ ಏನೋ ಎದ್ದು ಬಂತು.
ಈ ಕೆಂಪು ಕಲ್ಲಿನ ಊರ ಕೆಳಗ ಸುರಂಗಬಾವಿ ನೀರು
ಯಾರಿಗೂ ಕಾಣದೆ ನಡಿತದಲ್ಲ, ಹಂಗ.

ಮೊದಲನೇ ಜೀನು ಸಾಫ್. ಎರಡನೇದೂ ಸಾಫ್.
ನೊಣ ಇದ್ದದ್ದು ಮೂರನೇದರ ಎಡಗಾಲಿನ್ಯಾಗ.
ಬಾರಿಸಿದ್ದು ಒಂದನ್ನ, ನಡುಗೋದು ಮತ್ತೊಂದು!
ಮನಿಯೊಳಗೂ ಹಂಗೇ,
ಬೈಸಿಕೊಳ್ಳೋರು ಒಬ್ಬರು, ಅಳೋರು ಒಬ್ಬರು.

ಅಷ್ಟು ಸಣ್ಣ ಆರು ಮೂಲಿ ಕೀಲಿ ನನ್ನ ಹತ್ರ ಇಲ್ಲ.
ಚರ್ಮ ಹೊಲಿಯೋ ಮುರುಕ ಸೂಜಿ ಹುಡುಕಿ
ಅದರ ಬುಡ ಕಲ್ಲಿಗೆ ತಿಕ್ಕಿ ತಿಕ್ಕಿ ಆರು ಮೂಲಿ ಮಾಡಿದೆ.
ಸೊಸಿಯ ನೈಲ್ ಪಾಲಿಶ್ ಒಂದು ಹನಿ ಇಟ್ಟು ತಿರುವಿದೆ.
ನಾವು ಬಿಚ್ಚಿದರ ಬಿಚ್ಚಬೇಕು,
ತಾನಾಗೇ ಬಿಚ್ಚಬಾರದು.

ಅಷ್ಟರಾಗ ನೋಡಿದರ ಕುದುರಿಯೇ ಕಟ್ಟಿಗಿ ಮ್ಯಾಲ ಅಲ್ಲಾಡಲಾಕತ್ಯಾದ.
ಕೆಳಗಿನ ಐದು ಸ್ಕ್ರೂದಾಗ ಎರಡು ಬರೇ ತಿರುಗ್ತಾವ.
ಎತ್ತಿದೆ. ಮೈಯೆಲ್ಲ ಮಾಸಿದ ಗಿಟಾರಿಗೆ ಅಲ್ಲಿ ಮಾತ್ರ
ಅಂಗಡಿಯಿಂದ ಬಂದ ದಿನದ ಕೆಂಪು.
ನನಗಿಂತ ಮೊದಲು ಯಾವನೋ ತೂತಿಗೆ
ಬೆಂಕಿಕಡ್ಡಿ ತುರುಕಿದ್ದ, ಮದ್ದಿನ ತಲಿ ಸಹಿತ.
ಅವಸರದ ಮನುಷ್ಯಾ, ಅಂದು ನಕ್ಕೆ.
ಪತಂಗದ ಬಿದಿರು ಸೀಳಿ, ಅಂಟು ಸವರಿ, ಬಡದು,
ರಾತ್ರಿ ಒಣಗಲಿ, ಮುಂಜಾನಿ ಏಳಕ್ಕ ಬಾ, ಅಂತ ಕಳಿಸಿದೆ.

ಫಜರ್ ಆದ ಮ್ಯಾಲ ಕುದುರಿ ಕೂಡಿಸಿದೆ, ತಂತಿ ಬಿಗಿದೆ.
ಕರೆಂಟಿನ ಡಬ್ಬಿ ಇಲ್ದೆ ಇದು ಮೂಕ ಅಂದಿದ್ದಳು.
ಇರಲಿ. ಗಲ್ಲ ಕಟ್ಟಿಗಿಗೆ ಆನಿಸಿ
ದಪ್ಪಂದನ್ನ ಒಮ್ಮೆ ಎಳದು ಬಿಟ್ಟೆ.
ನೊಣ ಇಲ್ಲ. ಬರೇ ನೀರು.
ಇನ್ನೊಮ್ಮೆ.
ಎಷ್ಟು ಸಲ ಅಂತ ಎಣಿಸಲಿಲ್ಲ, ಚಹಾ ಆರಿ ಹೋಗಿತ್ತು.

ಒಂದು ಸ್ಕ್ರೂ, ಒಂದೇ ಒಂದು ಕಾಲು ಸುತ್ತು
ಸಡಿಲ ಬಿಡಬೇಕಂತ ಮನಸಾಯ್ತು.
ಬಂದೇ ಬರ್ತಾಳ ಹುಡುಗಿ, ಮುಂದಿನ ಶನಿವಾರ.
ಸೂಜಿ ಕೈಯಾಗೇ ಇತ್ತು.

ಬಿಡಲಿಲ್ಲ.
ಏಳಕ್ಕ ಬಂದಳು. ಬಿಲ್ಲಿನ ಮ್ಯಾಲ ನಲವತ್ತು ಅಂತ ಬರದೆ.
ಐವತ್ತು ಕೊಟ್ಟಳು; ಚಿಲ್ಲರಿ ಇರಲಿಲ್ಲ.