ಚಕ್ಕುಬಂದಿ

ಗುರುವಾರ ಸಂಜೆ ಏಳಕ್ಕೆ, ಕೋರ್ಟಿನ ನೆಲಮಾಳಿಗೆಯಲ್ಲಿ
ನೆಬ್ರಾಸ್ಕದ ಚರಿತ್ರೆ. ಹದಿಮೂರು ಜನ, ಒಂದು ಹೀಟರು,
ಕಾಫಿಗೆ ಚಂದಾ ಡಬ್ಬಿ.
ನಾನು ವರ್ಲಿನ್ ಹ್ರುಸ್ಕಾ. ಮೂವತ್ತೆಂಟು ವರ್ಷ
ಈ ಕೌಂಟಿಯ ಮಣ್ಣುರಸ್ತೆ ಹೆರೆದವನು.
ಅಲಗಿಗೆ ಸಿಕ್ಕಿದ್ದನ್ನು ಪಕ್ಕಕ್ಕೆ ತಳ್ಳುವುದೇ ಕಸುಬು.
ಸೊಂಟ ಕೈಕೊಟ್ಟಿತು. ಈಗ
ಪಕ್ಕಕ್ಕೆ ತಳ್ಳಿದ್ದನ್ನು ಓದುತ್ತಿದ್ದೇನೆ.

ನಾಲ್ಕನೇ ತರಗತಿಯಲ್ಲಿ ಬಾಯಿಪಾಠ ಒಪ್ಪಿಸಿ
ನೀಲಿ ರಿಬ್ಬನ್ ಗೆದ್ದ ಸಾಲು ಇನ್ನೂ ನಾಲಿಗೆಯ ಮೇಲಿದೆ:
ಮೊದಲು ಇಲ್ಲಿ ಹುಲ್ಲಿತ್ತು, ಗಾಳಿಯಿತ್ತು.
ಆಮೇಲೆ ನಾವು ಬಂದೆವು.
ಟೀಚರು ಡಾಗ್ನಿ ಟೋರ್ವಿಕ್ ಕನ್ನಡಕ ಒರೆಸುತ್ತ ಕೇಳಿದರು,
‘ಈ ಆಮೇಲೆ ಅನ್ನೋ ಪದದೊಳಗೆ ಎಷ್ಟು ಜನ ಹಿಡೀತಾರೆ?’
ಯಾರೂ ಕೈಯೆತ್ತಲಿಲ್ಲ. ಹೀಟರು ಕೆಮ್ಮಿತು.

ಮುತ್ತಜ್ಜನ ಪತ್ರ ಒಯ್ದಿದ್ದೆ, ಪ್ಲಾಸ್ಟಿಕ್ ಹೊದಿಸಿ.
ಪೂರ್ವಕ್ಕೆ ಕುಚೇರಾ, ದಕ್ಷಿಣಕ್ಕೆ ಶಾಲೆಯ ಜಮೀನು,
ಪಶ್ಚಿಮಕ್ಕೆ ರೈಲು ಕಂಪನಿ, ಉತ್ತರಕ್ಕೆ ಸರ್ಕಾರ.
ಕೆಳಕ್ಕೆ?
ಚಕ್ಕುಬಂದಿಯಲ್ಲಿ ಕೆಳಕ್ಕೆ ಎಂಬ ದಿಕ್ಕಿಲ್ಲ.

ಮುತ್ತಜ್ಜಿ ರುಜೇನಾ ಸುಳ್ಳಿನವಳಲ್ಲ.
ಹುಲ್ಲುಹೆಂಟೆ ಪೇರಿಸಿ ಕಟ್ಟಿದ ಮನೆ;
ವಸಂತದಲ್ಲಿ ಗೋಡೆಯೇ ಚಿಗುರಿತಂತೆ, ಒಳಮೈಯಲ್ಲೂ.
ಕತ್ತರಿ ಹಿಡಿದು ಗೋಡೆಗೆ ಕ್ಷೌರ ಮಾಡಿದಳಂತೆ,
ಬಸುರಿ, ಒಬ್ಬಳೇ, ಅಳುತ್ತ ನಗುತ್ತ.
ಇಬ್ಬರು ಮಕ್ಕಳನ್ನು ಕಾಡುಪ್ಲಮ್ಮಿನ ಬುಡಕ್ಕೆ ಕೊಟ್ಟಳು.
ಅವಳ ಬೆವರನ್ನು ಅಲ್ಲಗಳೆಯಲು ನಾನಿಲ್ಲಿ ಬಂದಿಲ್ಲ.

ಮೂರನೇ ವಾರ ಸರ್ವೆಯವನ ಟಿಪ್ಪಣಿ ಹಂಚಿದರು.
ಅರವತ್ತಾರು ಅಡಿಯ ಕಬ್ಬಿಣದ ಸರಪಳಿ,
ಮುಂದಿನವನು ಮೊಳೆ ಊರುತ್ತಾನೆ, ಹಿಂದಿನವನು ಕೂಗುತ್ತಾನೆ,
ಮೈಲಿಗಿಷ್ಟು ಕೂಲಿ. ಸಾಹಿತ್ಯಕ್ಕೆ ಪುರಸೊತ್ತಿಲ್ಲ:
‘ಮಣ್ಣು ಉತ್ತಮ. ಮರವಿಲ್ಲ.
ನಲವತ್ತೊಂದನೇ ಸರಪಳಿಗೆ ಕಾಲುದಾರಿ, ಈಶಾನ್ಯಕ್ಕೆ.’

ಯಾರ ಕಾಲು? ಬರೆದಿಲ್ಲ.
ಆದರೆ ಲೆಕ್ಕ ಹಾಕಿದವನೇ ಬೆವೆತೆ.
ಮೂಲೆಯಿಂದ ಅರ್ಧ ಮೈಲಿ, ಮೇಲೆ ಅರವತ್ತಾರು ಅಡಿ:
ಕುಚೇರಾ ಅಂಚೆಡಬ್ಬಿಯ ಪಕ್ಕದ ತಗ್ಗು!
ಪ್ರತಿ ಏಪ್ರಿಲ್ ಕುಸಿಯುತ್ತದೆ, ನೀರು ಅಲ್ಲೇ ದಾರಿ ಹುಡುಕುತ್ತದೆ.
ಎಷ್ಟು ಲಾರಿ ಜಲ್ಲಿ ಸುರಿದಿದ್ದೇನೆ, ಎಷ್ಟು ಬೈದಿದ್ದೇನೆ,
ಬಿಲದ ಪ್ರಾಣಿಯೆಂದು, ಕಳಪೆ ಮಣ್ಣೆಂದು.

ಒಕ್ಲಹೋಮದಿಂದ ನೆಲ್ಡಾ ಲಿಟಲ್‌ಸನ್ ಬಂದ ವಾರ
ಕೊನೆಯ ಕುರ್ಚಿ ಹಿಡಿದಳು; ಪಾನಿಯರವಳು.
ಅವಳ ಅಜ್ಜಿಯ ಅಜ್ಜಿ ಈ ಹೊಳೆದಂಡೆಯಿಂದ
ನಡೆದು ಹೋದವಳು, ಹಿಂದಕ್ಕೆ ನೋಡಬಾರದೆಂಬ ಕಾವಲಿನಲ್ಲಿ.
ಧೈರ್ಯ ಮಾಡಿ ಕೇಳಿದೆ, ‘ಆ ದಾರಿ ಎಲ್ಲಿಗೆ ಹೋಗ್ತಿತ್ತು?’
ಪವಿತ್ರವಾದದ್ದೇನನ್ನೋ ಬರೆದುಕೊಳ್ಳಲು
ಹದಿಮೂರು ಪೆನ್ನು ಬಾಯಿ ತೆರೆದವು.
‘ಮೆಕ್ಕೆಜೋಳದ ಹೊಲಕ್ಕೆ. ಮತ್ತೆಲ್ಲಿಗೆ ಅಂದ್ಕೊಂಡ್ರಿ?
ಸಕ್ಕರೆ ಈ ಕಡೆ ಕೊಡಿ.’

ಮರುದಿನ ಕರೆದೊಯ್ದೆ. ಇಳಿದಳು. ತಗ್ಗಿನಲ್ಲಿ ನಿಂತಳು,
ಬೂಟಿಗೆ ಕೆಸರು. ಎರಡೂ ಬದಿ ನನ್ನವರ ಜೋಳ,
ಸಾಲು ಸಾಲಾಗಿ, ಎಣಿಸಿಟ್ಟಂತೆ.
ಅವಳು ಅಳುತ್ತಾಳೆಂದು ಕರವಸ್ತ್ರ ಸಿದ್ಧವಿತ್ತು.
‘ಇಳಿಜಾರು ಚೆನ್ನಾಗಿ ನೋಡಿ ಮಾಡಿದಾರೆ,’ ಅಂದಳು,
ರಸ್ತೆಯವನಿಗೆ ಇನ್ನೊಬ್ಬ ರಸ್ತೆಯವನ ಬಗ್ಗೆ ಹೇಳುವಂತೆ.
ಕರವಸ್ತ್ರ ನನಗೇ ಬೇಕಾಯಿತು.

ಈಗ ಗ್ರೇಡರು ಓಡಿಸುವವನು ತಡೇಯೊ ಬ್ಯಾರಿಯೆಂಟೋಸ್,
ಮಾಂಸದ ಕಾರ್ಖಾನೆಗೆ ಬಂದವರ ಮಗ, ಇಪ್ಪತ್ತಾರು.
ಫೋನು ಮಾಡಿದೆ: ‘ತುಂಬಿಸು, ಶಾಲೆಯ ಬಸ್ಸು ಹೋಗಬೇಕು.
ಆದ್ರೆ ಅದು ಗುಂಡಿ ಅಲ್ಲ.’
ಇಂಜಿನ್ನಿನ ಗದ್ದಲದಾಚೆ ಸ್ವಲ್ಪ ಹೊತ್ತು ಅವನು ಸುಮ್ಮನಿದ್ದ.
‘ಸರಿ. ರಿಜಿಸ್ಟರಿನಲ್ಲಿ ಮತ್ತೇನು ಅಂತ ಬರೀಲಿ?’

ಹೇಳುತ್ತೇನೆ ಅಂದಿದ್ದೇನೆ.
ಗುರುವಾರ ಇನ್ನೂ ಮೂರು ದಿನ ಇದೆ.