ನಲವತ್ತೇಳನೆಯದು

ಹೊರಗೆ ಜಾಬ್ರಿಯಾದ ಡಾಂಬರು ಚಪ್ಪಲಿಗಂಟುವ ಹೊತ್ತು.
ಒಳಗೆ ಇಪ್ಪತ್ತೆರಡು ಡಿಗ್ರಿ, ನಿನಗಾಗಿ.
ಆ ತಂಪಿನಲ್ಲಿ ನನಗೂ ಒಂದು ಪಾಲು.

ಕಿವಿಯಲ್ಲಿ ಎರಡು ಕಚ್ಚು, ಅದೇ ನಿನ್ನ ಹೆಸರು.
ಹೊಟ್ಟೆಯ ಕಂದು ರೋಮ ಮೊದಲು ಹೋಯಿತು, ಆಮೇಲೆ ಬೆನ್ನು.
ಹುಳ ಇಲ್ಲ, ಕಜ್ಜಿ ಇಲ್ಲ, ಕಚ್ಚಾಡಿದ್ದೂ ಅಲ್ಲ.
ಅಕ್ಕನೊಬ್ಬಳ ತೊಗಲಿನ ಚೂರು ನಿನ್ನ ಬೆನ್ನಿಗೆ ಹೊಲಿದರು,
ಅಷ್ಟೇ; ನಿನ್ನ ಕಾವಲಿನವರೇ ನಿನ್ನ ಮೇಲೆ ತಿರುಗಿಬಿದ್ದರು.
ಬೇಲಿ ಹೊಲ ಮೇಯುವುದನ್ನು
ಡಾಕ್ಟರ್ ಗದೀರ್ ನನಗೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದಾರೆ:
ಕೂದಲ ಬೇರಿನ ಸುತ್ತ ನೀಲಿ ಚುಕ್ಕೆಗಳ ಮುತ್ತಿಗೆ.

ನನ್ನದು ಶುರುವಾದದ್ದು ಸಾಲ್ಮಿಯಾದ ಕ್ಷೌರದಂಗಡಿಯಲ್ಲಿ.
ಕತ್ತರಿ ನಿಲ್ಲಿಸಿ ಮುಲ್ತಾನಿನ ಅಶ್ಫಾಕ್ ಹಿಂದೆ ಕನ್ನಡಿ ಹಿಡಿದ:
ನೂರು ಫಿಲ್ಸಿನ ನಾಣ್ಯದಷ್ಟು ನುಣುಪು.
ಈಗ ಹುಬ್ಬೂ ಇಲ್ಲ.
ಏರ್‌ಪೋರ್ಟಿನ ಹುಡುಗ ಸಿವಿಲ್ ಐಡಿ ನೋಡಿ, ನನ್ನ ನೋಡಿ,
ಮತ್ತೆ ಐಡಿ ನೋಡಿ, "ಇದು ಯಾರು?" ಅಂದ.
ಹದಿನಾರು ವರ್ಷದಿಂದ ನಾನೇ ಮಾರಾಯ.

ನಿನಗೆ ಮದ್ದಿಲ್ಲ. ಅದು ಪಕ್ಕದ ಪಂಜರಕ್ಕೆ;
ನಿಮ್ಮ ಗುಂಪಿಗೆ ಬರೀ ವ್ಯಾಸಲೀನು.
ಗುರುವಾರದ ಪಟ್ಟಿಯಲ್ಲಿ ನಿನ್ನ ಸಂಖ್ಯೆಯೂ ಇದೆ.
ಬಾಲ ಹಿಡಿಯದೆ ಅಂಗೈಯಲ್ಲೆತ್ತಿ ತೂಗಿದೆ.
ಇಪ್ಪತ್ತಾರು ಗ್ರಾಂ.
ಭುಜದ ಮೇಲೆ, ದೀಪಕ್ಕೆ ತಿರುಗಿಸಿದರೆ ಮಾತ್ರ ಕಾಣುವ
ಒಂದು ಬಿಳಿ ಕೂದಲು.

ಮದ್ದಿಲ್ಲದೆ ಬಂದದ್ದಕ್ಕೆ ಹಾಳೆಯಲ್ಲಿ ಕಾಲಂ ಇಲ್ಲ.
ಅಂಚಿನಲ್ಲಿ ಬರೆದೆ, ಕನ್ನಡ ಅಂಕಿಯಲ್ಲಿ: ೧.
ಆಮೇಲೆ ಟೋಪಿ ತೆಗೆದು
ಪಂಜರದ ಸ್ಟೀಲಿನಲ್ಲಿ ನನ್ನ ತಲೆ ಹುಡುಕಿದೆ.